ಭೃತ್ಯಾಚಾರವೂ ಅಂಟುಜಾಡ್ಯವೂ

ಶಿವನಿಚ್ಛೆಯಿಲ್ಲದೆ ಜಾಡ್ಯವು ಬಾರದು, ಅವನ ಇಚ್ಛೆಯಿದ್ದರೆ ತಪ್ಪದು ಎಂದು ಹೇಳಿ ಅಂಟುಜಾಡ್ಯವನ್ನು ಕಡೆಗಣಿಸುವ ಸದ್ಭಕ್ತರು ಉಂಟು. ಕೇಳುವುದಕ್ಕೆ ಇದು ದೃಢಭಕ್ತಿಯ ನುಡಿಯಂತೆಯೇ ತೋರುವುದು. ಆದರೆ ತನ್ನ ಪ್ರಾಣದ ಹಂಗು ತೊರೆದವನ ಧೈರ್ಯವೇ ಬೇರೆ, ನೆರೆಯವನ ಪ್ರಾಣವನ್ನು ಪಣಕ್ಕೊಡ್ಡುವವನ ಧೈರ್ಯವೇ ಬೇರೆ. ಕೊರೋನಾ ಜಾಡ್ಯವು ಲಕ್ಷಣಗಳು ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಒಬ್ಬರಿಂದೊಬ್ಬರಿಗೆ ಹರಡಬಲ್ಲದು. ಹೀಗಿರಲು ‘ನಾನು ಗಟ್ಟಿಯಾಗಿದ್ದೇನೆ’ ಎಂಬ ಮಾತು ಎದುರು ಕುಳಿತ ವೃದ್ಧರಿಗೆ ಅಭಯವಾದೀತೆ?

ಚಾಮರಾಜನಗರದ ಸೀಮೆಯವರು ಇದನ್ನು ಪರಸ್ಥಳದ ದೃಷ್ಟಾಂತದಿಂದ ಕಲಿಯಬೇಕಾದುದಿಲ್ಲ. 2020ರಲ್ಲಿ ಕರ್ನಾಟಕದ ಉಳಿದ ಜಿಲ್ಲೆಗಳನ್ನು ಜಾಡ್ಯವು ಮುಟ್ಟಿದ ಮೇಲೆಯೂ, ಜೂನ್ ತಿಂಗಳು ಹುಟ್ಟುವವರೆಗೆ ಈ ಜಿಲ್ಲೆಯಲ್ಲಿ ಒಬ್ಬ ರೋಗಿಯೂ ಕಂಡುಬಂದಿರಲಿಲ್ಲ. ಕೇರಳಕ್ಕೂ ನೀಲಗಿರಿಗೂ ಹೋಗುವ ಹೆದ್ದಾರಿಗಳು ಗುಂಡ್ಲುಪೇಟೆಯಲ್ಲಿಯೇ ಕವಲೊಡೆಯುವುವು. ಅಂತಹ ಗಡಿನಾಡು ಅಷ್ಟು ಕಾಲ ಉಳಿದುದು ಸೋಜಿಗವೇ ಸರಿ. ಆದರೆ ಗಡಿಯಲ್ಲಿ ಕಾವಲು ನಿಂತವರ ಶ್ರಮವನ್ನೂ ಮನೆಯಲ್ಲಿಯೇ ಉಳಿದವರ ಸಂಯಮವನ್ನೂ ಮರೆತು, ಮಾದಪ್ಪನ ಕಾಪೊಂದೇ ಸಾಕೆಂದುಕೊಳ್ಳುವುದು ಸುಲಭ. ಒಂದು ವರ್ಷ ತುಂಬುವ ಮೊದಲೇ, 2021ರ ಮೇ 2 ಮತ್ತು 3ರ ನಡುವೆ, ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕವು ಸಾಲದೆ ಹೋದ ಹೊತ್ತಿನಲ್ಲಿ, ಒಂದು ದಿನದೊಳಗೆ 24 ಮಂದಿ ರೋಗಿಗಳು ಅಸುನೀಗಿದರು. ಅವರಲ್ಲಿ ಭಕ್ತಿ ಕಡಿಮೆಯಾಗಿತ್ತೆಂದು ಯಾವ ನಾಲಗೆ ನುಡಿದೀತು?

ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದು. ಶಿವಭಕ್ತರೇ ಹಿರಿಯರು, ತಾನು ಅವರ ಸೇವಕನು ಎಂಬ ಭಾವವೇ ಅದರ ತಿರುಳು. ಒಡೆಯನ ಮುಂದೆ ನಿಂತ ಸೇವಕನು ಕೆಮ್ಮು ಬಂದರೆ ಬಾಯಿ ಮುಚ್ಚಿಕೊಳ್ಳುವನಷ್ಟೆ. ಮುಖಗವಸು ಮಾಡುವುದೂ ಅದನ್ನೇ. ಅದನ್ನು ಹೇಡಿತನವೆಂದು ನಗುವವರಿಗೆ ಭೃತ್ಯಾಚಾರದ ಅರ್ಥವೇ ತಿಳಿಯದು.

ಪಾದೋದಕ ಪ್ರಸಾದಗಳ ವಿಷಯ ಬಂದಾಗ ಮಾತ್ರ ಹಿರಿಯರು ಅಳುಕುವರು. ಅಳುಕಬೇಕಾದುದಿಲ್ಲ. ಪ್ರಸಾದದ ಮಹಿಮೆಗೆ ಕುಂದಿಲ್ಲ. ಹಂಚುವ ಕೈಯೂ ಒಂದೇ ಬಟ್ಟಲಿಗೆ ತಾಗುವ ತುಟಿಗಳೂ ಮನುಷ್ಯರವು. ಜಾಡ್ಯ ಹಬ್ಬಿದ ದಿನಗಳಲ್ಲಿ ಬಟ್ಟಲನ್ನು ಬೇರೆಯಾಗಿಸಿದರೆ ಆಚಾರಕ್ಕೆ ಭಂಗವಿಲ್ಲ. ಪೂಜೆಗಂತೂ ಜನಸಂದಣಿಯೇ ಬೇಡ. ಕರಸ್ಥಲದಲ್ಲಿ ಇಷ್ಟಲಿಂಗವುಳ್ಳವನಿಗೆ, ಗುಡಿಗಳ ಬಾಗಿಲು ಮುಚ್ಚಿದ 2020ರ ಬೇಸಿಗೆಯಲ್ಲಿಯೂ ನಿತ್ಯಪೂಜೆ ತಪ್ಪಬೇಕಾದ ಕಾರಣವಿರಲಿಲ್ಲ. ಇನ್ನು ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತ ಮನೆಗಳ ಮಾತು: ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿದ್ದರೆ ಪಯಣವನ್ನು ಮುಂದಿನ ಅಮಾವಾಸ್ಯೆಗೆ ಹಾಕಿಕೊಳ್ಳಲಿ.