ದಾರಿಯಲ್ಲಿ ಸಿಕ್ಕ ಸರೋವರ

ನನ್ನ ಕೆಲಸದಲ್ಲಿ ಒಂದು ಲೆಕ್ಕ ಪದೇ ಪದೇ ಬರುತ್ತೆ: ಇಲ್ಲಿಂದ ಅಲ್ಲಿಗೆ ಸರಕು ಸಾಗಿಸೋಕೆ ಅತಿ ಕಡಿಮೆ ಖರ್ಚಿನ ದಾರಿ ಯಾವುದು? ಆ ಲೆಕ್ಕದಲ್ಲಿ ಮಧ್ಯೆ ಬರುವ ಊರುಗಳಿಗೆ ಹೆಸರಿರಲ್ಲ. ಅವು ಬರೀ ಚುಕ್ಕೆಗಳು, ಪಕ್ಕದಲ್ಲಿ ಇಷ್ಟು ಗಂಟೆ, ಇಷ್ಟು ಯೂರೋ. ಅದರಲ್ಲಿ ತಪ್ಪೇನಿದೆ ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ, ನಿಕರಾಗುವಾ ಸರೋವರದ ಚರಿತ್ರೆ ಓದುವವರೆಗೆ.

ಒಮ್ಮೆ ಮ್ಯಾಪ್ ತೆಗೆದು ನೋಡಿ. ಮಧ್ಯ ಅಮೆರಿಕದ ಅತಿ ದೊಡ್ಡ ಸರೋವರ ಇದು, 8,000 ಚದರ ಕಿಲೋಮೀಟರಿಗೂ ಹೆಚ್ಚು. ಅಲ್ಲಿನ ಹಳೆಯ ಹೆಸರು ಕೊಸಿಬೋಲ್ಕಾ. 16ನೇ ಶತಮಾನದಲ್ಲಿ ಬಂದ ಸ್ಪ್ಯಾನಿಷರು 'ಮಾರ್ ದುಲ್ಸೆ' ಅಂದರು, ಅಂದರೆ ಸಿಹಿ ಸಮುದ್ರ. ಉಪ್ಪಿಲ್ಲದ ನೀರಿಗೆ ನಾವೂ ಸಿಹಿನೀರು ಅಂತೀವಲ್ಲ, ಹಾಗೆ. ನಡುವೆ ಒಮೆತೆಪೆ ದ್ವೀಪ, ಅದರ ಮೇಲೆ ಎರಡು ಜ್ವಾಲಾಮುಖಿ. ಪಶ್ಚಿಮ ದಡದಿಂದ ಪೆಸಿಫಿಕ್ ಸಾಗರ ಸುಮಾರು 20 ಕಿಲೋಮೀಟರ್ ದೂರ ಅಷ್ಟೇ. ಆದರೆ ಸರೋವರದ ನೀರು ಆ ಕಡೆ ಹೋಗಲ್ಲ. ಸಾನ್ ಹುವಾನ್ ನದಿಯಾಗಿ ಪೂರ್ವಕ್ಕೆ, ಕೆರಿಬಿಯನ್ ಸಮುದ್ರಕ್ಕೆ ಹರಿಯುತ್ತೆ. ಅಂದರೆ ಎರಡು ಸಾಗರಗಳ ನಡುವಿನ ದಾರಿ ಹೆಚ್ಚುಕಡಿಮೆ ಸಿದ್ಧವಾಗೇ ಇದೆ. ಉಳಿದದ್ದು 20 ಕಿಲೋಮೀಟರ್. ಆ 20 ಕಿಲೋಮೀಟರೇ ಸರೋವರದ ಹಣೆಬರಹ ಆಯ್ತು.

ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಾಗ, ನ್ಯೂಯಾರ್ಕಿನಿಂದ ಹೊರಟವರನ್ನು ಬೇಗ ತಲುಪಿಸೋಕೆ ಕಾರ್ನೀಲಿಯಸ್ ವಾಂಡರ್‌ಬಿಲ್ಟ್ 1851ರಲ್ಲಿ ಈ ದಾರಿ ತೆರೆದ. ನದಿಯಲ್ಲಿ ದೋಣಿ, ಸರೋವರದಲ್ಲಿ ಸ್ಟೀಮರ್, ಕೊನೆಗೆ ಹೇಸರಗತ್ತೆ. 1855ರಲ್ಲಿ ವಿಲಿಯಂ ವಾಕರ್ ಎಂಬ ಅಮೆರಿಕನ್ ಕೂಲಿ ಸೈನ್ಯ ಕಟ್ಟಿಕೊಂಡು ಬಂದ. ಅದೇ ಕಂಪನಿಯ ಸ್ಟೀಮರ್ ಹತ್ತಿ ದಡದ ಗ್ರಾನಡಾ ನಗರ ಹಿಡಿದ. ಮರುವರ್ಷ ತಾನೇ ಅಧ್ಯಕ್ಷ ಅಂತ ಘೋಷಿಸಿಕೊಂಡು ಗುಲಾಮಗಿರಿಗೆ ಮತ್ತೆ ಬಾಗಿಲು ತೆರೆದ. ಸೋತು ಹೋಗುವಾಗ ಅವನ ಸೈನ್ಯ ಊರನ್ನೇ ಸುಟ್ಟು, 'ಇಲ್ಲಿ ಗ್ರಾನಡಾ ಇತ್ತು' ಅಂತ ಬರೆದಿಟ್ಟು ಹೋಯ್ತು.

ಅಮೆರಿಕದ ಕಾಲುವೆ ಕೊನೆಗೆ ಪನಾಮಾಕ್ಕೆ ಹೋಯ್ತು. ಆದರೂ 1914ರ ಒಪ್ಪಂದದಲ್ಲಿ ಅಮೆರಿಕ 30 ಲಕ್ಷ ಡಾಲರ್‌ಗೆ ನಿಕರಾಗುವಾದ ಕಾಲುವೆ ಹಕ್ಕನ್ನೂ ಕೊಂಡುಕೊಂಡಿತು, ಬೇರೆ ಯಾರೂ ಅಲ್ಲಿ ಅಗೆಯದಿರಲಿ ಅಂತ. ಮುಂದೆ 2013ರಲ್ಲಿ ನಿಕರಾಗುವಾ ಸರ್ಕಾರವೇ ಹಾಂಗ್‌ಕಾಂಗ್‌ನ ಒಂದು ಕಂಪನಿಗೆ 50 ವರ್ಷದ ಗುತ್ತಿಗೆ ಕೊಟ್ಟಿತು. ಬೇಕಾದರೆ ಇನ್ನೂ 50 ವರ್ಷ. ಹಡಗು ಹೋಗಬೇಕಾದರೆ ಈ ಸಿಹಿನೀರಿನ ತಳ ಅಗೆಯಬೇಕು. ಜಮೀನು ಹೋಗುತ್ತೆ ಅಂತ ರೈತರು ಬೀದಿಗಿಳಿದರು. ಕಾಲುವೆ ಕಟ್ಟಲೇ ಇಲ್ಲ. 2024ರಲ್ಲಿ ಗುತ್ತಿಗೆ ರದ್ದಾಯಿತು.

ಇಷ್ಟು ಓದಿ 'ಛೆ, ಪಾಪ' ಅನ್ನೋದು ನನಗೆ ಸುಲಭ. ಚಳಿಗಾಲದಲ್ಲಿ ಹೀಟರ್ ಪಕ್ಕ ಕೂತು, ಹಡಗಿನಲ್ಲಿ ಬಂದ ಕಾಫಿ ಕುಡೀತಾ ಬರೀತಿದ್ದೀನಿ. ಕಾಲುವೆ ಬಂದರೆ ಕೆಲಸ ಸಿಗುತ್ತೆ ಅಂತ ಆಸೆಪಟ್ಟವರು ನಿಕರಾಗುವಾದಲ್ಲೂ ಇದ್ದರು. ಅವರ ಆಸೆ ತಪ್ಪು ಅನ್ನೋಕೆ ನಾನ್ಯಾರು? ದಾರಿಗಳಿಲ್ಲದೆ ಜಗತ್ತು ನಡೆಯಲ್ಲ. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಅಂತ ಕಾಂಟ್ ಹೇಳಿದಾಗಲೂ ಮುಖ್ಯ ಪದ 'ಬರೀ'. ಬಸ್ ಡ್ರೈವರನ್ನು ನಾವು ಬಳಸ್ತೀವಿ. ಆದರೆ ಅವನಿಗೂ ಮನೆ ಇದೆ ಅನ್ನೋದನ್ನ ಮರೆತಾಗ ತಪ್ಪು ಶುರು. ಒಂದು ಜಾಗ 'ಬರೀ' ದಾರಿಯಾದಾಗ, ಅಲ್ಲಿ ಬದುಕೋರೆಲ್ಲ ಅಡ್ಡಿಯಾಗಿ ಕಾಣ್ತಾರೆ. ನನ್ನ ಲೆಕ್ಕದ ಚುಕ್ಕೆಗಳ ಹಾಗೆ.

ಈ ಸರೋವರದಲ್ಲಿ ಬುಲ್ ಶಾರ್ಕ್‌ಗಳಿವೆ. ಸಿಹಿನೀರಲ್ಲಿ ಶಾರ್ಕ್! ಹಿಂದೆಂದೋ ಸಮುದ್ರದಿಂದ ಬೇರ್ಪಟ್ಟು ಸಿಕ್ಕಿಕೊಂಡ ಬೇರೆಯದೇ ಜಾತಿ ಅಂತ ವಿಜ್ಞಾನಿಗಳು ಬಹಳ ಕಾಲ ನಂಬಿದ್ದರು. 1960ರ ದಶಕದಲ್ಲಿ ಥಾಮಸ್ ಥಾರ್ಸನ್ ಅವುಗಳಿಗೆ ಗುರುತಿನ ಬಿಲ್ಲೆ ಕಟ್ಟಿ ನೋಡಿದಾಗ ಗೊತ್ತಾಯ್ತು: ಅವು ನದಿಯ ಅಬ್ಬರದ ಇಳಿಜಾರುಗಳನ್ನು ದಾಟಿ ಸಮುದ್ರಕ್ಕೂ ಸರೋವರಕ್ಕೂ ಓಡಾಡುತ್ತವೆ. ಅವಕ್ಕೂ ಇದು ದಾರಿಯೇ. ಆದರೆ ನದಿ ತಮಗಾಗಿ ಆಳವಾಗಲಿ ಅಂತ ಅವು ಕೇಳಲಿಲ್ಲ. ಇರುವ ನೀರಿಗೆ ತಮ್ಮ ಮೈಯನ್ನೇ ಒಗ್ಗಿಸಿಕೊಂಡವು. ಆಮೇಲೆ ರೆಕ್ಕೆಯ ವ್ಯಾಪಾರಕ್ಕಾಗಿ ಮನುಷ್ಯರು ಅವನ್ನು ಎಷ್ಟು ಹಿಡಿದರೆಂದರೆ, ಈಗ ಕಾಣಸಿಗೋದೇ ಅಪರೂಪ.

ನಾನು ಜರ್ಮನಿಗೆ ಬಂದಾಗ ಲೆಕ್ಕ ಹೀಗಿತ್ತು: ಎರಡು ವರ್ಷ ಮಾಸ್ಟರ್ಸ್, ಎರಡು ವರ್ಷ ಕೆಲಸ, ಆಮೇಲೆ ವಾಪಸ್. ಹತ್ತು ವರ್ಷವಾಯ್ತು. 'ಹೇಗೂ ಹೋಗೋರಲ್ಲ' ಅಂತ ಪಕ್ಕದ ಮನೆಯ ಅಜ್ಜಿಯ ಹೆಸರನ್ನೂ ಬಹಳ ದಿನ ಕೇಳಿರಲಿಲ್ಲ. ನಮ್ಮಲ್ಲಿ ಅನೇಕರು ಹೀಗೇ ಅಲ್ವಾ? ಇರುವ ಊರನ್ನೇ ದಾರಿ ಅಂದುಕೊಂಡು ಬದುಕೋದು. ನಾನು ಯಾರ ಊರನ್ನೂ ಸುಟ್ಟಿಲ್ಲ, ನಿಜ. ಆದರೆ ಆ ಅಜ್ಜಿಯೂ ನನ್ನ ಲೆಕ್ಕದಲ್ಲಿ ಒಂದು ಚುಕ್ಕೆಯಾಗಿದ್ದರು.

ಹಾದುಹೋಗೋದು ತಪ್ಪಲ್ಲ. ಹಾದುಹೋಗುವಾಗಲೂ ಅದು ಇನ್ನೊಬ್ಬರ ಮನೆ ಅನ್ನೋ ನೆನಪಿರಬೇಕು, ಅಷ್ಟೆ. ಅಜ್ಜಿಯ ಹೆಸರು ಈಗ ನನಗೆ ಗೊತ್ತು. ತಡವಾಗಿ ಗೊತ್ತಾಯ್ತು.