ತಪ್ಪಿಲ್ಲದವನ ಅಳಲು

ಹೊಸೂರಿನಲ್ಲಿ 1980ರಿಂದ ಅಶೋಕ್ ಲೇಲ್ಯಾಂಡ್ ಲಾರಿಗಳು ತಯಾರಾಗುತ್ತಿವೆ. ಲಾರಿಯನ್ನೇ ಜೀವನೋಪಾಯವಾಗಿ ನಂಬಿದ ತರುಣರು ನಮ್ಮ ಡೆಂಕಣಿಕೋಟೆಯ ಕಡೆಯಲ್ಲಿಯೂ ಉಂಟು. ಅಂಥವನೊಬ್ಬನು ಮೊದಲ ಅಪಘಾತದ ಬಳಿಕ ಸ್ಟೀರಿಂಗು ಹಿಡಿಯಲು ನಡುಗಿದರೆ, "ನಿನ್ನ ತಪ್ಪೇನೂ ಇಲ್ಲವಪ್ಪಾ, ಮರೆತುಬಿಡು" ಎನ್ನುವೆವು. ತಪ್ಪಿಲ್ಲವೆಂಬುದು ದಿಟವೇ ಆದರೂ ಮರೆಯೆನ್ನುವುದು ಸರಿಯೆ?

ಬರ್ನಾರ್ಡ್ ವಿಲಿಯಮ್ಸ್ ಎಂಬ ಆಂಗ್ಲ ತತ್ತ್ವಜ್ಞರು 1976ರಲ್ಲಿ ಲಾರಿ ಚಾಲಕನ ಉದಾಹರಣೆಯನ್ನೇ ಎತ್ತಿಕೊಂಡರು. ಅವನ ತಪ್ಪಿಲ್ಲದೆಯೇ ಮಗುವೊಂದು ಲಾರಿಗೆ ಸಿಲುಕುತ್ತದೆ. ಕಂಡವರೆಲ್ಲರೂ ಮರುಗುವರು, ಅವನ ಮರುಕ ಮಾತ್ರ ಬೇರೆ ಬಗೆಯದು, ಅದು ನಡೆದುದು ಅವನ ಕೈಯಿಂದಲ್ಲವೆ! ಅವನನ್ನು ಸಂತೈಸುವುದು ಯುಕ್ತವೇ; ಆದರೆ ಅವನು ಬಲು ಬೇಗ ಸಮಾಧಾನಗೊಂಡರೆ ನಮಗೆ ಅವನ ವಿಷಯದಲ್ಲಿ ಸಂಶಯ ಹುಟ್ಟುವುದೆಂದು ಅವರ ಅಭಿಪ್ರಾಯ. ತತ್ತ್ವಶಾಸ್ತ್ರದಲ್ಲಿ ಲಾರಿ ಚಾಲಕನಿಗೂ ಒಂದು ಪೀಠ ದೊರೆತುದು ನಮಗೆ ಸಂತೋಷವೇ.

ಈ ಅಳಲನ್ನೇ ಅಪರಾಧವೆಂದು ಬಗೆದವನು ಕುಸಿಯುತ್ತಾನೆ, ಇಲ್ಲವೆ ಓಡುತ್ತಾನೆ. 1988ರ ಮೋಟಾರು ವಾಹನ ಕಾಯಿದೆಯ 134ನೆಯ ಕಲಮು ತಪ್ಪು ಯಾರದೆಂದು ನೋಡದೆ, ಗಾಯಗೊಂಡವರಿಗೆ ಚಿಕಿತ್ಸೆ ದೊರಕಿಸುವ ಹೊಣೆಯನ್ನು ಚಾಲಕನಿಗೆ ವಿಧಿಸಿದೆ. ಜನರ ಗುಂಪು ಕೆರಳಿ ಅದು ಸಾಧ್ಯವಾಗದಿದ್ದಾಗ ವಿನಾಯಿತಿಯೂ ಉಂಟು. ಆ ಗುಂಪಿನಲ್ಲಿ ನಿಲ್ಲುವವರು ನಾವೇ. ಮರುದಿನ ಸಮಾಧಾನ ಹೇಳುವವರೂ ನಾವೇ.

ಹಾಗಾದರೆ ಅವನು ಮತ್ತೆ ಲಾರಿ ಹತ್ತಬಾರದೆ? ಹತ್ತಬೇಕು. ಹಿರಿಯ ಚಾಲಕರೊಬ್ಬರು ಪಕ್ಕದಲ್ಲಿದ್ದು, ಸರಕಿಲ್ಲದ ಲಾರಿಯನ್ನು ಹಗಲಿನಲ್ಲಿ ಕೆಲವು ದಿನ ಓಡಿಸಿದರೆ ಕೈಯ ನಡುಕ ಇಳಿದೀತು. ಅಳಲು ಅಷ್ಟು ಬೇಗ ಇಳಿಯದು. ಶಾಲೆಯ ಮುಂದೆ ಅವನು ವೇಗ ತಗ್ಗಿಸುವನು. ಹಿಂದಿನವರು ಹಾರನ್ನು ಬಾರಿಸಿಕೊಳ್ಳಲಿ.