ನಂಬರ್ ಪ್ಲೇಟ್ ಮತ್ತು ಮನುಷ್ಯರ ಹಕ್ಕು



ಬರುವ ಶುಕ್ರವಾರ ಜುಮಾ ನಮಾಝ್ ಮುಗಿಸಿ ಹೊರಬರುವಾಗ ಮಸೀದಿಯ ಅಂಗಳದಲ್ಲಿ ನಿಂತಿರುವ ವಾಹನಗಳತ್ತ ಒಮ್ಮೆ ಕಣ್ಣು ಹಾಯಿಸಿರಿ. ಒಂದು ಬೈಕಿನ ನಂಬರ್ ಪ್ಲೇಟನ್ನು ಮೇಲಕ್ಕೆ ಮಡಚಲಾಗಿದೆ. ಇನ್ನೊಂದರಲ್ಲಿ ಅಂಕೆಗಳನ್ನು ಚಿತ್ರದಂತೆ ತಿರುಚಿ ಬರೆಯಲಾಗಿದೆ. ಮತ್ತೊಂದರಲ್ಲಿ "ಮಾಶಾ ಅಲ್ಲಾಹ್" ಎಂಬ ಸ್ಟಿಕ್ಕರಿನ ಅಡಿಯಲ್ಲಿ ಎರಡು ಅಂಕೆಗಳು ಮುಚ್ಚಿಹೋಗಿವೆ! "ಇದು ಸರಕಾರದ ಕಾನೂನು, ದೀನಿಗೂ ಇದಕ್ಕೂ ಏನು ಸಂಬಂಧ?" ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ.

ಸಂಬಂಧವಿದೆ. ರಾತ್ರಿ ರಸ್ತೆ ದಾಟುತ್ತಿದ್ದ ಒಬ್ಬ ಕೂಲಿಕಾರನಿಗೆ ವಾಹನವೊಂದು ಬಡಿದು, ನಿಲ್ಲದೆ ಹೋಯಿತೆಂದು ಭಾವಿಸಿರಿ. ಅವನು ಮೃತಪಟ್ಟನು. ವಾಹನದ ನಂಬರ್ ತಿಳಿದರೆ ಅವನ ಪತ್ನಿ ಮಕ್ಕಳು ನ್ಯಾಯಮಂಡಳಿಯ ಮುಂದೆ ಹೋಗಿ, ಅವನ ವಯಸ್ಸು ಮತ್ತು ಸಂಪಾದನೆಗೆ ತಕ್ಕ ಪರಿಹಾರವನ್ನು ವಾಹನದ ವಿಮೆಯಿಂದ ಪಡೆಯಬಹುದು. ವಾಹನ ಪತ್ತೆಯಾಗದಿದ್ದರೆ, 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಯೋಜನೆಯಂತೆ ಅವರಿಗೆ ಸಿಗುವುದು 2 ಲಕ್ಷ ರೂಪಾಯಿ ಮಾತ್ರ. ಗಂಭೀರ ಗಾಯಕ್ಕಾದರೆ 50,000 ರೂಪಾಯಿ. ಈ ಅಂತರವು ಅನಾಥ ಮಕ್ಕಳ ಅನ್ನ. ಅದನ್ನು ಕಸಿದುಕೊಂಡದ್ದು ಮಡಚಿದ ಒಂದು ತಗಡು.

ಪ್ರಮಾದದಿಂದ ಪ್ರಾಣಹಾನಿಯಾದರೂ ಮೃತನ ಮನೆಯವರಿಗೆ ರಕ್ತಪರಿಹಾರ ಸಲ್ಲಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 92ನೆಯ ಸೂಕ್ತವು ವಿಧಿಸಿದೆ. ಮೃತನು ಒಪ್ಪಂದವಿರುವ ಅನ್ಯ ಜನಾಂಗದವನಾಗಿದ್ದರೂ ಈ ಆದೇಶ ಅನ್ವಯಿಸುತ್ತದೆ. ಹೀಗಿರುವಾಗ ಹಕ್ಕುದಾರನು ತನ್ನನ್ನು ಗುರುತಿಸದಂತೆ ಮೊದಲೇ ಏರ್ಪಾಡು ಮಾಡಿಕೊಂಡವನು ಅಲ್ಲಾಹನ ಮುಂದೆ ಏನು ಉತ್ತರ ಕೊಟ್ಟಾನು?

ನೋಂದಣಿ ಸಂಖ್ಯೆಯನ್ನು ನಿಯಮದಂತೆ ಪ್ರದರ್ಶಿಸದೆ ವಾಹನ ಓಡಿಸಕೂಡದೆಂದು 1988ರ ಮೋಟಾರು ವಾಹನ ಕಾಯ್ದೆಯ 39ನೆಯ ಕಲಮು ಹೇಳುತ್ತದೆ. ಆ ಷರತ್ತನ್ನು ಒಪ್ಪಿಯೇ ನಾವು ವಾಹನವನ್ನು ನೋಂದಾಯಿಸಿದ್ದೇವೆ. ಕರಾರುಗಳನ್ನು ಪೂರ್ಣಗೊಳಿಸಬೇಕೆಂಬ ಆಜ್ಞೆಯಿಂದಲೇ ಅಲ್‌ಮಾಇದಃ ಅಧ್ಯಾಯವು ಆರಂಭವಾಗುತ್ತದೆ.

ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಪರಲೋಕಕ್ಕೆ ಬಂದು, ಇತರರ ಹಕ್ಕು ಕಸಿದುದಕ್ಕಾಗಿ ತನ್ನ ಸತ್ಕರ್ಮಗಳನ್ನೆಲ್ಲ ಅವರಿಗೆ ಕೊಟ್ಟು ಬರಿಗೈಯಾಗುವವನನ್ನೇ ಪ್ರವಾದಿ(ಸ)ರು ನಿಜವಾದ ದಿವಾಳಿಯೆಂದು ಕರೆದರು. ಕ್ಯಾಮರಾದ ಕಣ್ಣು ತಪ್ಪಿಸಬಹುದು. ಕರ್ಮಗಳನ್ನು ದಾಖಲಿಸುವ ಮಲಕ್‌ಗಳ ಬರಹವನ್ನು ಅಳಿಸಲಾಗದು.

ಆದ್ದರಿಂದ ಸಹೋದರರೇ, ಇಂದೇ ನಿಮ್ಮ ವಾಹನದ ಬಳಿ ಹೋಗಿರಿ. ಕೆಸರನ್ನು ಒರೆಸಿರಿ, ಸ್ಟಿಕ್ಕರನ್ನು ತೆಗೆಯಿರಿ, ತುಂಡಾದ ಪ್ಲೇಟನ್ನು ಬದಲಿಸಿರಿ. ನಿಮ್ಮ ಮಗನ ಬೈಕನ್ನೂ ನೋಡಿರಿ. ಅದನ್ನು ಕೊಡಿಸಿದವರು ನೀವೇ ಅಲ್ಲವೇ?

ದಾಸರ ಹಕ್ಕುಗಳ ಹೊರೆ ಹೊತ್ತು ತನ್ನ ಸನ್ನಿಧಿಗೆ ಬರದಂತೆ ಅಲ್ಲಾಹನು ನಮ್ಮೆಲ್ಲರನ್ನು ಕಾಪಾಡಲಿ. ಆಮೀನ್.